ಕುಲುಮೆಯಿಂದ ಕವಲುಕೊಳವೆ: ಸಿ.ಎನ್.ಆರ್. ರಾವ್ ಅವರ ನ್ಯಾನೊ ಪಯಣ

ಒಂದು ಕ್ವಾರ್ಟ್ಸ್ ಕೊಳವೆ, ಎರಡು ವಿದ್ಯುತ್ ಕುಲುಮೆ. ಮೊದಲ ಕುಲುಮೆಯಲ್ಲಿ ಫೆರೊಸೀನ್ ಎಂಬ ಕಿತ್ತಳೆ ಬಣ್ಣದ ಪುಡಿ ಆವಿಯಾಗುತ್ತದೆ. ಅನಿಲದ ಹರಿವಿನೊಂದಿಗೆ ಎರಡನೆಯ ಕುಲುಮೆಗೆ ಸಾಗುವ ಆ ಆವಿ ಅಲ್ಲಿನ ಹೆಚ್ಚು ಕಾವಿಗೆ ಒಡೆದುಹೋಗುತ್ತದೆ. ಆಗ ಹುಟ್ಟುವ ಕಬ್ಬಿಣದ ಅತಿಸಣ್ಣ ಕಣಗಳನ್ನು ಆಧರಿಸಿ ಇಂಗಾಲದ ನ್ಯಾನೊ ಕೊಳವೆಗಳು ಬೆಳೆಯುತ್ತವೆ. ಇಂಗಾಲವೂ ಅದನ್ನು ಬೆಳೆಸುವ ಕಬ್ಬಿಣವೂ ಒಂದೇ ಪುಡಿಯಿಂದ! 1997ರಲ್ಲಿ ಬೆಂಗಳೂರಿನ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ತಂಡ ಪ್ರಕಟಿಸಿದ ವಿಧಾನವಿದು. 2000ದಲ್ಲಿ ಇದೇ ಜಾಡಿನಲ್ಲಿ ಸಾಗಿ, ವೈ ಆಕಾರದಲ್ಲಿ ಕವಲೊಡೆದ ಕೊಳವೆಗಳನ್ನೂ ತಂಡ ತಯಾರಿಸಿತು.

ರಾವ್ ನ್ಯಾನೊ ಹುಚ್ಚಿನ ಕಾಲದಲ್ಲಿ ಹಠಾತ್ತನೆ ಈ ಕಡೆ ತಿರುಗಿದವರಲ್ಲ. ಬೆಂಗಳೂರಿನಲ್ಲಿ 1934ರಲ್ಲಿ ಹುಟ್ಟಿ, 1951ರಲ್ಲಿ ಬಿ.ಎಸ್ಸಿ., ಬನಾರಸ್‌ನಲ್ಲಿ ಎಂ.ಎಸ್ಸಿ., ಅಮೆರಿಕದ ಪರ್ಡ್ಯೂನಲ್ಲಿ 1958ರಲ್ಲಿ ಪಿಎಚ್.ಡಿ. ಮುಗಿಸಿದರು. ಮರುವರ್ಷ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪನ್ಯಾಸಕರಾದರು. 1963ರಿಂದ ಕಾನ್ಪುರದ ಐಐಟಿ, 1976ರಿಂದ ಮತ್ತೆ ಬೆಂಗಳೂರು. ಈ ದಶಕಗಳಲ್ಲಿ ಅವರ ಮುಖ್ಯ ಕೆಲಸ ಘನವಸ್ತುಗಳ ರಸಾಯನವಿಜ್ಞಾನ, ಅದರಲ್ಲೂ ಲೋಹದ ಆಕ್ಸೈಡ್‌ಗಳದು. ಒಂದು ವಸ್ತು ಯಾವಾಗ ಲೋಹ, ಯಾವಾಗ ಅಲ್ಲ ಎಂಬ ಹಳೆಯ ಪ್ರಶ್ನೆ ನ್ಯಾನೊ ಲೋಕದಲ್ಲೂ ಅವರಿಗೆ ಎದುರಾಯಿತು. ಮೀಟರಿನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ಆ ಗಾತ್ರಕ್ಕೆ ಇಳಿದಾಗ ಚಿನ್ನದ ಕಣ ಕೂಡ ಲೋಹದ ಗುಣ ಕಳೆದುಕೊಳ್ಳತೊಡಗುತ್ತದೆ.

ಇಂಥ ಕಣಗಳನ್ನು ಮಾಡಲು ಕುಲುಮೆ ಸಾಕಾದೀತು; ಮಾಡಿದ್ದನ್ನು ನೋಡಲು ಕೋಟಿಗಳ ಬೆಲೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಮಹಾರಾಷ್ಟ್ರದ ನಾಸಿಕ್, ಛತ್ರಪತಿ ಸಂಭಾಜಿನಗರದಂಥ ಊರುಗಳ ಕಾಲೇಜಿನ ಸಂಶೋಧಕ ಸಣ್ಣ ಕೋಣೆಯಲ್ಲಿ ದ್ರಾವಣವನ್ನು ಜೆಲ್ ಆಗಿಸುವ ಸೋಲ್-ಜೆಲ್ ವಿಧಾನದಿಂದ ಫೆರೈಟ್ ಎಂಬ ಕಬ್ಬಿಣದ ಆಕ್ಸೈಡ್ ಪುಡಿ ತಯಾರಿಸಬಲ್ಲ. ಆದರೆ ಅಂಥ ಉಪಕರಣ ತನ್ನಲ್ಲಿಲ್ಲದಿದ್ದರೆ ಸ್ಯಾಂಪಲ್ ಬೇರೆ ಸಂಸ್ಥೆಗೆ ಕಳಿಸಿ ಸರದಿಗೆ ಕಾಯಬೇಕು. ಪ್ರತಿಭೆ ಎಲ್ಲೆಡೆ ಹುಟ್ಟಬಹುದು, ಯಂತ್ರ ಹಾಗಲ್ಲ.

ರಾವ್ ವೃತ್ತಿಜೀವನದ ಇನ್ನೊಂದು ಮುಖ ಕಾಣುವುದು ಇಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗಲೇ, 1989ರಲ್ಲಿ, ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಬೇರೆ ಊರುಗಳ ವಿದ್ಯಾರ್ಥಿಗಳೂ ಬೇಸಿಗೆ ರಜೆಯಲ್ಲಿ ಫೆಲೋಶಿಪ್ ಪಡೆದು ಇಲ್ಲಿನ ಪ್ರಯೋಗಾಲಯಗಳಲ್ಲಿ ದುಡಿಯಬಹುದು. 2007ರಲ್ಲಿ ಕೇಂದ್ರ ಸರ್ಕಾರ 1000 ಕೋಟಿ ರೂಪಾಯಿಯ ನ್ಯಾನೊ ಮಿಷನ್ ಆರಂಭಿಸಿದಾಗ ಅದರ ಮಂಡಳಿಯ ಅಧ್ಯಕ್ಷತೆ ವಹಿಸಿದವರೂ ಅವರೇ. ಸಂಶೋಧನೆಗೆ ನೆರವಾಗುವುದರ ಜೊತೆಗೆ ಉಪಕರಣ ಸೌಲಭ್ಯಗಳನ್ನು ಬೆಳೆಸುವುದೂ ಆ ಯೋಜನೆಯ ಗುರಿಗಳಲ್ಲಿತ್ತು.

2014ರಲ್ಲಿ ಭಾರತರತ್ನ ಬಂದಾಗ ಅವರಿಗೆ ಎಂಬತ್ತರ ಹತ್ತಿರ. ಆಗಲೂ ಸಂಶೋಧನೆ ನಿಂತಿರಲಿಲ್ಲ. ಪ್ರಬಂಧಗಳ ಎಣಿಕೆಯಿಂದಲೇ ಈ ಬದುಕನ್ನು ಅಳೆಯುವವರಿದ್ದಾರೆ. ತನ್ನ ಪುಡಿಯೊಳಗೆ ಏನಿದೆಯೆಂದು ನೋಡುವ ಅವಕಾಶ ಸಣ್ಣ ಊರಿನ ಹುಡುಗಿಗೆ ಎಷ್ಟರ ಮಟ್ಟಿಗೆ ಸಿಕ್ಕಿದೆ ಎಂಬುದು ಅದಕ್ಕಿಂತ ಸರಿಯಾದ ಅಳತೆ.