‘ಹೌಎವರ್’ಗೆ ಬರೀ ಅಲ್ಪವಿರಾಮ ಸಾಲದು

ಪ್ರಯೋಗದ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಆದರೆ’ ಅನ್ನೋ ಕಡೆ ಏನು ಹಾಕುತ್ತೀರಿ? ‘ಬಟ್’, ಇಲ್ಲವೇ ‘ಹೌಎವರ್’. ಎರಡರ ಅರ್ಥವೂ ಹೆಚ್ಚುಕಡಿಮೆ ಒಂದೇ. ಕೆಲಸ ಮಾತ್ರ ಬೇರೆ. ಹಾಗಾಗಿ ಚಿಹ್ನೆಯೂ ಬೇರೆ. ಇವೆರಡನ್ನು ನೋಡಿ:

ಐಸ್ ಈಸ್ ಎ ಸಾಲಿಡ್, ಬಟ್ ಇಟ್ ಫ್ಲೋಟ್ಸ್ ಆನ್ ವಾಟರ್.
ಐಸ್ ಈಸ್ ಎ ಸಾಲಿಡ್. ಹೌಎವರ್, ಇಟ್ ಫ್ಲೋಟ್ಸ್ ಆನ್ ವಾಟರ್.

‘ಬಟ್’ ಎರಡು ವಾಕ್ಯಗಳನ್ನು ತಾನೇ ಅಂಟಿಸುತ್ತದೆ. ಅದರ ಹಿಂದೆ ಒಂದು ಅಲ್ಪವಿರಾಮ ಸಾಕು. ‘ಹೌಎವರ್’ ಹಾಗಲ್ಲ. ಅದು ಕ್ರಿಯಾವಿಶೇಷಣ, ಎರಡು ಮಾತುಗಳ ಸಂಬಂಧ ತೋರಿಸುತ್ತದೆಯೇ ಹೊರತು ಅಂಟಿಸುವುದಿಲ್ಲ. ಅಂಟಿಸುವ ಕೆಲಸ ಅರ್ಧವಿರಾಮದ್ದು, ಅಂದರೆ ಸೆಮಿಕೋಲನ್‌ನದ್ದು. ಅರ್ಧವಿರಾಮ ಬೇಡವೆಂದರೆ ಪೂರ್ಣವಿರಾಮ ಹಾಕಿ ಹೊಸ ವಾಕ್ಯ ಶುರುಮಾಡಿ. ‘ಹೌಎವರ್’ ಆದಮೇಲೆ ಅಲ್ಪವಿರಾಮ ಮರೆಯಬೇಡಿ.

ಯಾವ ಪದ ಯಾವ ಗುಂಪಿನದು ಅಂತ ತಿಳಿಯುವುದು ಹೇಗೆ? ಪದವನ್ನು ಸರಿಸಿ ನೋಡಿ. ‘ಇಟ್ ಫ್ಲೋಟ್ಸ್ ಆನ್ ವಾಟರ್, ಹೌಎವರ್’ ಎನ್ನಬಹುದು. ‘ಇಟ್ ಫ್ಲೋಟ್ಸ್ ಆನ್ ವಾಟರ್, ಬಟ್’ ಎಂದು ಬರೆಯಲಾಗದು. ಸರಿಯುವ ಪದಕ್ಕೆ ಅರ್ಧವಿರಾಮ ಬೇಕು. ‘ದೇರ್‌ಫೋರ್’, ‘ಮೋರೋವರ್’, ‘ನೆವರ್‌ದಲೆಸ್’ ಇದೇ ಗುಂಪಿನವು. ಮಂಜುಗಡ್ಡೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.92 ಗ್ರಾಂ, ನೀರಿನದು 1 ಗ್ರಾಂ. ಇದನ್ನು ಹೀಗೆ ಬರೆಯಿರಿ:

ಐಸ್ ಈಸ್ ಲೆಸ್ ಡೆನ್ಸ್ ದ್ಯಾನ್ ವಾಟರ್. ದೇರ್‌ಫೋರ್, ಇಟ್ ಫ್ಲೋಟ್ಸ್.

ಒಂದು ಚುಕ್ಕೆಗೆ ಇಷ್ಟು ಚರ್ಚೆ ಯಾಕೆ ಅಂತೀರಾ? ಈ ಎರಡು ವರದಿಗಳನ್ನು ಓದಿ:

ದ ಬಲ್ಬ್ ಡಿಡ್ ನಾಟ್ ಗ್ಲೋ, ಹೌಎವರ್ ವಿ ಜಾಯಿನ್ಡ್ ದ ವೈರ್ಸ್.
ದ ಬಲ್ಬ್ ಡಿಡ್ ನಾಟ್ ಗ್ಲೋ. ಹೌಎವರ್, ವಿ ಜಾಯಿನ್ಡ್ ದ ವೈರ್ಸ್.

ಮೊದಲನೆಯದರ ಅರ್ಥ: ತಂತಿಗಳನ್ನು ಹೇಗೆ ಜೋಡಿಸಿದರೂ ಬಲ್ಬ್ ಉರಿಯಲಿಲ್ಲ. ಎರಡನೆಯದು: ಬಲ್ಬ್ ಉರಿಯಲಿಲ್ಲ, ಆದರೆ ತಂತಿಗಳನ್ನಂತೂ ಜೋಡಿಸಿದೆವು. ಪದಗಳು ಅವೇ, ಪ್ರಯೋಗ ಮಾತ್ರ ಬೇರೆಯಾಯಿತು! ಮೊದಲನೆಯವರು ಎಲ್ಲ ರೀತಿಯಲ್ಲೂ ಜೋಡಿಸಿ ನೋಡಿದ್ದಾರೆ. ಎರಡನೆಯವರು ಹಾಗೆ ಹೇಳಿಲ್ಲ.

ಒಂದು ಎಚ್ಚರಿಕೆ. ‘ಐಸ್, ಹೌಎವರ್, ಫ್ಲೋಟ್ಸ್’ ಎಂಬಲ್ಲಿ ಇರುವುದು ಒಂದೇ ವಾಕ್ಯ. ಅಂಟಿಸಲು ಎರಡನೆಯದೇ ಇಲ್ಲ. ಅಲ್ಲಿ ಎರಡೂ ಬದಿಗೆ ಅಲ್ಪವಿರಾಮ ಸರಿ, ಅರ್ಧವಿರಾಮ ತಪ್ಪು.

ಈಗ ನೀವೇ ತಿದ್ದಿ: ‘ದ ಸಾಲ್ಟ್ ಡಿಸಾಲ್ವ್ಡ್, ಹೌಎವರ್, ದ ಸ್ಯಾಂಡ್ ಡಿಡ್ ನಾಟ್.’ ಎಷ್ಟು ವಾಕ್ಯಗಳಿವೆ ಅಂತ ಮೊದಲು ಎಣಿಸಿ. ಎರಡಿವೆ ಅಲ್ಲವೇ? ಹಾಗಾದರೆ ‘ಡಿಸಾಲ್ವ್ಡ್’ ಆದಮೇಲೆ ಯಾವ ಚಿಹ್ನೆ ಬರಬೇಕೆಂದು ನಿಮಗೇ ಗೊತ್ತು.