ಮಂಜುಗಡ್ಡೆಯ ಮೇಲೆ ಗಾಳ: ಉಂಗುರದ ಆಯ್ಕೆಯಲ್ಲಿ ಭೌತವಿಜ್ಞಾನ

ಅಮೆರಿಕದ ಮಿನೆಸೋಟ, ಯೂರೋಪಿನ ಫಿನ್ಲೆಂಡ್ ಮುಂತಾದ ಕಡೆ ಚಳಿಗಾಲದಲ್ಲಿ ಸರೋವರಗಳ ಮೇಲ್ಮೈ ಹೆಪ್ಪುಗಟ್ಟುತ್ತದೆ. ನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಷ್ಠವಾಗಿರುವುದರಿಂದ ಗಡ್ಡೆಯ ಕೆಳಗೆ ನೀರು ದ್ರವವಾಗಿಯೇ ಉಳಿಯುತ್ತದೆ, ಮೀನುಗಳೂ ಬದುಕಿರುತ್ತವೆ ಎಂಬುದು ನಿಮಗೆ ತಿಳಿದದ್ದೇ. ಅಲ್ಲಿನ ಜನ ಗಟ್ಟಿಯಾದ ಗಡ್ಡೆಯ ಮೇಲೆ ನಡೆದುಹೋಗಿ, ಸುಮಾರು 20 ಸೆಂ.ಮೀ. ಅಗಲದ ರಂಧ್ರ ಕೊರೆದು, ಅದರೊಳಕ್ಕೆ ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಾರೆ. ಗಾಳವನ್ನು ದೂರಕ್ಕೆ ಬೀಸಿ ಎಸೆಯಬೇಕಾಗಿಲ್ಲ. ಆದ್ದರಿಂದ ಕೋಲು 60ರಿಂದ 90 ಸೆಂ.ಮೀ. ಉದ್ದವಿದ್ದರೆ ಸಾಕು. ಮುರಿದುಹೋದ ಉದ್ದನೆಯ ಕೋಲಿನ ತುದಿಭಾಗಕ್ಕೆ ಹಿಡಿ ಸೇರಿಸಿ ಇಂಥ ಕೋಲನ್ನು ಮನೆಯಲ್ಲೇ ಮಾಡಿಕೊಳ್ಳುವವರೂ ಉಂಟು.

ಕೋಲಿನ ಉದ್ದಕ್ಕೂ ದಾರ ಹಾದುಹೋಗಲು ಪುಟ್ಟ ಉಂಗುರಗಳನ್ನು ಕಟ್ಟಬೇಕು. ಇವುಗಳ ಗಾತ್ರ ಎಷ್ಟಿರಬೇಕು? ಯಾವ ವಸ್ತುವಿನದಾಗಿರಬೇಕು? ಎಷ್ಟು ಬೇಕು? ಇಲ್ಲಿ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧವಾಗಿವೆ. ಚಳಿಯು ದೊಡ್ಡ ಉಂಗುರವನ್ನು ಕೇಳುತ್ತದೆ. ಕೋಲಿನ ಸೂಕ್ಷ್ಮತೆ ಹಗುರವಾದ ಉಂಗುರವನ್ನು ಕೇಳುತ್ತದೆ. ಎರಡನ್ನೂ ಲೆಕ್ಕಹಾಕಿ ನೋಡೋಣ.

ಉಂಗುರದಲ್ಲಿ ಹೆಪ್ಪುಗಟ್ಟುವ ನೀರು

ದಾರವನ್ನು ಮೇಲೆಳೆದಾಗ ಅದರ ಜೊತೆ ನೀರಿನ ತೆಳು ಪೊರೆಯೂ ಬರುತ್ತದೆ. ದಾರದ ವ್ಯಾಸ 0.2 ಮಿ.ಮೀ., ಪೊರೆಯ ದಪ್ಪ 0.02 ಮಿ.ಮೀ. ಎಂದುಕೊಳ್ಳಿ. ಆಗ 10 ಮೀಟರ್ ದಾರದ ಮೇಲಿರುವ ನೀರು ಸುಮಾರು 140 ಘನ ಮಿ.ಮೀ. ಉಂಗುರದ ಒಳ ಅಂಚು ಈ ನೀರನ್ನು ಕೆರೆದು ಹಿಡಿದುಕೊಳ್ಳುತ್ತದೆ. 3 ಮಿ.ಮೀ. ವ್ಯಾಸದ, 2 ಮಿ.ಮೀ. ದಪ್ಪದ ಉಂಗುರದ ರಂಧ್ರ ತುಂಬಲು 14 ಘನ ಮಿ.ಮೀ. ನೀರು ಸಾಕು. ಅಂದರೆ ಬಂದ ನೀರಿನಲ್ಲಿ ಹತ್ತನೆಯ ಒಂದು ಭಾಗ ಅಲ್ಲಿ ನಿಂತರೂ ರಂಧ್ರ ಮುಚ್ಚಿಹೋಗಬಲ್ಲದು.

ಈ ನೀರು ಹೆಪ್ಪುಗಟ್ಟಲು ಎಷ್ಟು ಉಷ್ಣ ಹೊರಹೋಗಬೇಕು? ಗುಪ್ತೋಷ್ಣ ಗ್ರಾಂಗೆ 334 ಜೌಲ್, ಆದ್ದರಿಂದ 0.014 ಗ್ರಾಂ ನೀರಿಗೆ ಬರಿಯ 4.7 ಜೌಲ್. ಮೈನಸ್ 15 ಡಿಗ್ರಿಯಲ್ಲಿರುವ 0.3 ಗ್ರಾಂ ತೂಕದ ಉಕ್ಕಿನ ಉಂಗುರ ಸೊನ್ನೆ ಡಿಗ್ರಿಗೆ ಬರುವಷ್ಟರಲ್ಲಿ ತಾನೇ ಸುಮಾರು 2.2 ಜೌಲ್ ಹೀರಿಕೊಳ್ಳುತ್ತದೆ. ಉಳಿದದ್ದನ್ನು ಗಾಳಿ ಒಯ್ಯುತ್ತದೆ. ದಾರ ಹೀಗೆ ಸಿಕ್ಕಿಕೊಂಡಿರುವಾಗ ದೊಡ್ಡ ಮೀನು ಎಳೆದರೆ ರೀಲ್‌ನಿಂದ ದಾರ ಬಿಚ್ಚಿಕೊಳ್ಳುವುದಿಲ್ಲ. ದಾರ ತುಂಡಾಗಿ, ಮೀನು ಬಾಯಲ್ಲಿ ಕೊಕ್ಕೆ ಇಟ್ಟುಕೊಂಡೇ ಹೋಗುತ್ತದೆ.

ರಂಧ್ರದ ವ್ಯಾಸವನ್ನು 6 ಮಿ.ಮೀ.ಗೆ ಏರಿಸಿದರೆ ಅದರ ಗಾತ್ರ ನಾಲ್ಕು ಪಟ್ಟಾಗುತ್ತದೆ. ಮುಚ್ಚಿಕೊಳ್ಳಲು ಅಷ್ಟೇ ಹೆಚ್ಚು ನೀರು ಬೇಕು. ಹಾಗಾದರೆ ಎಲ್ಲ ಉಂಗುರಗಳನ್ನೂ ದೊಡ್ಡದು ಮಾಡಿಬಿಡಬಹುದಲ್ಲ?

ತುದಿಯ ಒಂದು ಗ್ರಾಂ

ತಣ್ಣೀರಿನಲ್ಲಿ ಮೀನಿನ ಚಟುವಟಿಕೆ ಮಂದವಾಗಿರುತ್ತದೆ. ಅದು ಗಾಳವನ್ನು ಮೆಲ್ಲಗೆ ಕಚ್ಚುತ್ತದೆ. ಆ ಸಣ್ಣ ತುಡಿತ ಕೈಗೆ ತಿಳಿಯಬೇಕಾದರೆ ಕೋಲಿನ ತುದಿ ಚುರುಕಾಗಿ ಕಂಪಿಸಬೇಕು. ಒಂದು ತುದಿ ಬಿಗಿದ, ಉದ್ದಕ್ಕೂ ಒಂದೇ ದಪ್ಪದ ಕೋಲು ಕಂಪಿಸುವಾಗ ಅದರ ಪೂರ್ತಿ ದ್ರವ್ಯರಾಶಿ ಲೆಕ್ಕಕ್ಕೆ ಬರುವುದಿಲ್ಲ. ಸುಮಾರು 24 ಶೇಕಡ ಮಾತ್ರ ಬರುತ್ತದೆ. ಬುಡದ ಭಾಗ ಅಲುಗಾಡುವುದೇ ಕಡಿಮೆ ಎಂಬುದು ಇದಕ್ಕೆ ಕಾರಣ. ಆದರೆ ತುದಿಯಲ್ಲಿ ಕಟ್ಟಿದ ದ್ರವ್ಯರಾಶಿ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ.

ಕೋಲಿನ ತೂಕ 10 ಗ್ರಾಂ ಎಂದುಕೊಳ್ಳಿ. ಕಂಪನದ ಮಟ್ಟಿಗೆ ಅದು 2.4 ಗ್ರಾಂ. ತುದಿಗೆ ಅರ್ಧ ಗ್ರಾಂ ಉಂಗುರ ಕಟ್ಟಿದರೆ ಆವೃತ್ತಿ ಸುಮಾರು 9 ಶೇಕಡ ಇಳಿಯುತ್ತದೆ. 0.1 ಗ್ರಾಂ ಉಂಗುರವಾದರೆ ಇಳಿಕೆ ಕೇವಲ 2 ಶೇಕಡ. ನಿಜವಾದ ಕೋಲು ತುದಿಯತ್ತ ಸಪೂರವಾಗುವುದರಿಂದ ಪರಿಣಾಮ ಇನ್ನೂ ಹೆಚ್ಚು.

ಅದೇ ಉಂಗುರ ಬೇರೆ ಕಡೆ ಇದ್ದರೆ? ಯಾವುದೇ ಜಾಗದಲ್ಲಿರುವ ದ್ರವ್ಯರಾಶಿಯ ಪ್ರಭಾವ, ಆ ಜಾಗದ ಬಾಗುವಿಕೆಗೂ ತುದಿಯ ಬಾಗುವಿಕೆಗೂ ಇರುವ ಅನುಪಾತದ ವರ್ಗಕ್ಕೆ ಸಮ. ಹಾಗೆ ಲೆಕ್ಕಹಾಕಿದರೆ ಬುಡದಿಂದ ಮುಕ್ಕಾಲು ದೂರದಲ್ಲಿರುವ 1 ಗ್ರಾಂ, ತುದಿಯ 0.4 ಗ್ರಾಂಗೆ ಸಮ. ಅರ್ಧ ದೂರದಲ್ಲಿ 0.1 ಗ್ರಾಂ, ಕಾಲು ದೂರದಲ್ಲಿ 0.01 ಗ್ರಾಂಗಿಂತಲೂ ಕಡಿಮೆ. ಎಂದರೆ ಹಿಡಿಯ ಬಳಿ ದೊಡ್ಡ, ಭಾರದ ಉಂಗುರ ಕಟ್ಟಿದರೂ ನಷ್ಟವಿಲ್ಲ. ಜಿಪುಣತನ ಬೇಕಾದದ್ದು ತುದಿಯಲ್ಲಿ.

ತುದಿಯ ಉಂಗುರಕ್ಕೂ ದಾರಿ ಇದೆ. ಒಂದೇ ದಪ್ಪದ ತಂತಿಯಿಂದ ಮಾಡಿದ ಉಂಗುರದ ವ್ಯಾಸವನ್ನು ಇಮ್ಮಡಿಸಿದರೆ ತೂಕ ಎರಡು ಪಟ್ಟಾಗುತ್ತದೆ, ರಂಧ್ರದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ತೆಳು ತಂತಿಯ, ಅಗಲ ರಂಧ್ರದ ಉಂಗುರವೇ ಇಲ್ಲಿ ಸರಿಯಾದ ಆಯ್ಕೆ. ಇದರ ಮೇಲೆ ಕಟ್ಟುವ ಮಂಜುಗಡ್ಡೆಯೂ ತುದಿಯ ಭಾರವೇ ಎಂಬುದನ್ನು ಮರೆಯಬಾರದು.

ಉಕ್ಕೋ, ಸೆರಾಮಿಕ್ಕೋ?

ಸೆರಾಮಿಕ್ ಉಷ್ಣವನ್ನು ಚೆನ್ನಾಗಿ ಹರಿಯಬಿಡುವುದಿಲ್ಲ, ಹಾಗಾಗಿ ಅದರಲ್ಲಿ ನೀರು ಬೇಗ ಹೆಪ್ಪುಗಟ್ಟುವುದಿಲ್ಲ ಎಂದು ಊಹಿಸುವುದು ಸಹಜ. ಈ ಊಹೆ ನಿಲ್ಲುವುದಿಲ್ಲ. ಉಂಗುರಗಳಲ್ಲಿ ಬಳಸುವ ಅಲ್ಯುಮಿನದ ಉಷ್ಣವಾಹಕತೆ ಸ್ಟೇನ್‌ಲೆಸ್ ಉಕ್ಕಿನದಕ್ಕಿಂತ ಹೆಚ್ಚು. ಸಿಲಿಕಾನ್ ಕಾರ್ಬೈಡ್‌ನದು ಇನ್ನೂ ಹೆಚ್ಚು. ಸೆರಾಮಿಕ್‌ನ ನಿಜವಾದ ಗುಣ ಅದರ ಗಡಸುತನ. ಮೋ ಮಾಪಕದಲ್ಲಿ ಅಲ್ಯುಮಿನದ ಸ್ಥಾನ 9. ಹೆಣೆದ ದಾರ ಎಷ್ಟು ಉಜ್ಜಿದರೂ ಅದರಲ್ಲಿ ಗೀರು ಬೀಳುವುದು ಕಷ್ಟ. ಆದರೆ ಸೆರಾಮಿಕ್ ಬಿಲ್ಲೆ ರಂಧ್ರವನ್ನು ಕಿರಿದಾಗಿಸುತ್ತದೆ, ತೂಕವನ್ನೂ ಕೂಡಿಸುತ್ತದೆ. ತೆಳು ನೈಲಾನ್ ದಾರದ ಗಿಡ್ಡ ಕೋಲಿಗೆ ಬರಿಯ ಉಕ್ಕಿನ ತಂತಿ ಸಾಕು. ಒಲೆ ಉರಿಯುವ ಡೇರೆಯೊಳಗೆ ಕುಳಿತು ಗಾಳ ಹಾಕುವವರಿಗೆ ಹೆಪ್ಪುಗಟ್ಟುವ ಭಯವಿಲ್ಲ. ಅವರು ಸಣ್ಣ ಉಂಗುರವನ್ನೇ ಬಳಸಬಹುದು.

ಎಷ್ಟು, ಎಲ್ಲಿ?

ಉಂಗುರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆಯೇ? ಬಾಗಿದ ಮೇಲ್ಮೈಯ ಮೇಲೆ ಜಾರುವ ಹಗ್ಗದ ಎಳೆತಕ್ಕೆ ಆಯ್ಲರ್ ಹೆಸರಿನ ಸೂತ್ರವೊಂದಿದೆ. ಅದರ ಪ್ರಕಾರ ಎರಡು ಬದಿಯ ಎಳೆತಗಳ ಅನುಪಾತ ನಿರ್ಧಾರವಾಗುವುದು ಘರ್ಷಣಾಂಕ ಮತ್ತು ಹಗ್ಗ ತಿರುಗುವ ಒಟ್ಟು ಕೋನದಿಂದ. ತ್ರಿಜ್ಯಕ್ಕೆ ಅಲ್ಲಿ ಸ್ಥಾನವಿಲ್ಲ. ಕೋಲು ಬಾಗಿ ದಾರ 90 ಡಿಗ್ರಿ ತಿರುಗಿದಾಗ, ಘರ್ಷಣಾಂಕ 0.1 ಆಗಿದ್ದರೆ ಎಳೆತ 17 ಶೇಕಡ ಹೆಚ್ಚುತ್ತದೆ. ಆ ಕೋನವನ್ನು ನಾಲ್ಕು ಉಂಗುರಗಳು ಹಂಚಿಕೊಂಡರೂ ಎಂಟು ಹಂಚಿಕೊಂಡರೂ ಮೊತ್ತ ಒಂದೇ. ಹೆಚ್ಚು ಉಂಗುರಗಳಿಂದ ಆಗುವ ತೊಂದರೆ ತೂಕ ಮತ್ತು ಮಂಜುಗಡ್ಡೆಯದು. ತೀರ ಕಡಿಮೆಯಾದರೆ ದಾರ ಕೋಲಿನ ಬಾಗನ್ನು ಅನುಸರಿಸದೆ ಅಡ್ಡಹಾಯುತ್ತದೆ. ಕೋಲಿನ ಮೇಲಿನ ಹೊರೆ ಕೆಲವೇ ಜಾಗಗಳಲ್ಲಿ ಬೀಳುತ್ತದೆ. 70 ಸೆಂ.ಮೀ. ಕೋಲಿಗೆ ತುದಿಯದೂ ಸೇರಿ ಐದಾರು ಸಾಕು. ಬಾಗು ಹೆಚ್ಚಿರುವ ತುದಿಯತ್ತ ಅವು ಒತ್ತೊತ್ತಾಗಿರಲಿ. ಮೊದಲು ಅಂಟುಪಟ್ಟಿಯಿಂದ ಕೂರಿಸಿ, ದಾರ ಎಳೆದು ಬಾಗಿಸಿ ನೋಡಿ, ಸರಿಯೆನಿಸಿದ ಮೇಲೆ ನೂಲು ಸುತ್ತಿ ಅಂಟು ಹಚ್ಚುವುದು ಕ್ರಮ.

ತರಗತಿಯಲ್ಲಿ ಮಾಡಿ ನೋಡಿ

ಒಂದು ಮೀಟರ್ ಉದ್ದದ ಉಕ್ಕಿನ ಅಳತೆಪಟ್ಟಿಯನ್ನು ಮೇಜಿನ ಕಾಲಿಗೆ, 80 ಸೆಂ.ಮೀ. ಹೊರಚಾಚುವಂತೆ ಅಡ್ಡಲಾಗಿ ಬಿಗಿಯಿರಿ. ಪಟ್ಟಿಯ ಅಂಚು ಮೇಲಕ್ಕಿರಲಿ; ಆಗ ಅದು ಜೋತುಬೀಳದೆ ಅಕ್ಕಪಕ್ಕಕ್ಕೆ ತೂಗುತ್ತದೆ. 20 ಕಂಪನಗಳ ಕಾಲವನ್ನು ಅಳೆಯಿರಿ. ಬಳಿಕ 50 ಗ್ರಾಂ ತೂಕವನ್ನು ಮೊದಲು ತುದಿಗೆ, ಆಮೇಲೆ ನಡುವಿಗೆ ಕಟ್ಟಿ ಮತ್ತೆ ಅಳೆಯಿರಿ. ಪ್ರತಿ ಕಾಲದ ವರ್ಗದಿಂದ ತೂಕವಿಲ್ಲದಾಗಿನ ಕಾಲದ ವರ್ಗವನ್ನು ಕಳೆಯಿರಿ. ಈ ಎರಡು ವ್ಯತ್ಯಾಸಗಳ ಅನುಪಾತ 10ರ ಆಸುಪಾಸಿನಲ್ಲಿ ಬರಬೇಕು. ಬಾರದಿದ್ದರೆ ಬಿಗಿತ ಸಡಿಲವಾಗಿದೆಯೇ, ತೂಕ ಸರಿಯಾಗಿ ನಡುವಿನಲ್ಲಿದೆಯೇ ಎಂದು ವಿದ್ಯಾರ್ಥಿಗಳೇ ಹುಡುಕಲಿ.