ಮೈಸೂರಿನ ಯುದ್ಧಗಳೂ ಹತ್ತೊಂಬತ್ತನೆಯ ಲೈಟ್ ಡ್ರಾಗೂನ್ ತುರಗದಳವೂ

ವಿಜಯನಗರದ ಅರಸರ ಕಾಲದಲ್ಲಿ ಅರಬ್ಬೀ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳವೂ ಒಂದು. ಅದರ ದಕ್ಷಿಣಕ್ಕೆ, ಇಂದಿನ ಉಡುಪಿ ಜಿಲ್ಲೆಯ ಉತ್ತರದ ಗಡಿಯಲ್ಲಿ ಶಿರೂರು ಇದೆ. ಕುದುರೆಗಳು ಈ ಕರಾವಳಿಯನ್ನು ಹಾದು ಘಟ್ಟದ ಮೇಲಕ್ಕೆ ಹೋದುವೇ ಹೊರತು ಇಲ್ಲಿ ನಿಲ್ಲಲಿಲ್ಲ. ಹೊಳೆ, ಗದ್ದೆ, ಕಡಿದಾದ ಘಟ್ಟಗಳಿಂದ ಕೂಡಿದ ಈ ನೆಲವು ತುರಗಸೈನ್ಯದ ಕಾರ್ಯಕ್ಕೆ ಒದಗತಕ್ಕುದಲ್ಲ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದು ಹೊಸಂಗಡಿ ಘಟ್ಟವನ್ನೇರಿ ಬಿದನೂರನ್ನು ಸೇರಿದ್ದು ಹಡಗುಗಳ ಮತ್ತು ಕಾಲಾಳುಗಳ ಬಲದಿಂದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದುಕೊಂಡನು. ಆದರೂ ಈ ಕರಾವಳಿಯ ರಾಜಕೀಯ ಭವಿಷ್ಯವು ಕೊನೆಗೆ ನಿರ್ಣಯವಾದುದು ಘಟ್ಟದ ಮೇಲಿನ ಬಯಲುಗಳಲ್ಲಿ. ಆ ಬಯಲುಗಳಲ್ಲಿ ಹೋರಾಡಿದ ಒಂದು ಬ್ರಿಟಿಷ್ ತುರಗದಳದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲು ಎಣಿಸಿದ್ದೇವೆ.

ಈ ದಳದ ಹುಟ್ಟಿಗೆ ಮೈಸೂರೇ ಕಾರಣವೆಂದರೆ ಅತಿಶಯೋಕ್ತಿಯಾಗಲಾರದು. 1780ರಲ್ಲಿ ಹೈದರಾಲಿಯು ಕರ್ನಾಟಿಕ್ ಪ್ರಾಂತದ ಮೇಲೆ ನುಗ್ಗಿದಾಗ ಅವನ ರಾವುತರು ಊರುಗಳನ್ನೂ ದಾರಿಗಳನ್ನೂ ತಮ್ಮ ವಶ ಮಾಡಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯವು ನಾಶವಾಯಿತು. ಕಂಪನಿಯ ಕಾಲಾಳುಗಳು ಎಷ್ಟೇ ಶಿಸ್ತಿನವರಾಗಿದ್ದರೂ, ಕುದುರೆಯಿಲ್ಲದೆ ಮೈಸೂರಿನೊಡನೆ ಸೆಣಸುವುದು ಕಷ್ಟವೆಂಬುದು ಸ್ಪಷ್ಟವಾಯಿತು. ಆದುದರಿಂದಲೇ 1781ರಲ್ಲಿ ಇಂಗ್ಲೆಂಡಿನಲ್ಲಿ ಇಪ್ಪತ್ತಮೂರನೆಯ ಲೈಟ್ ಡ್ರಾಗೂನ್ ಎಂಬ ಹೊಸ ದಳವನ್ನು ಭಾರತದ ಸೇವೆಗಾಗಿ ಎತ್ತಲಾಯಿತು. 1782ರಲ್ಲಿ ಮದರಾಸಿಗೆ ಬಂದಿಳಿದ ಇದು ಭಾರತಕ್ಕೆ ಬಂದ ಮೊದಲ ಬ್ರಿಟಿಷ್ ರಾಜಸೇವೆಯ ತುರಗದಳ. 1786ರಲ್ಲಿ ಇದಕ್ಕೆ ಹತ್ತೊಂಬತ್ತನೆಯ ಸಂಖ್ಯೆ ದೊರೆಯಿತು.

ಮೂರನೆಯ ಮೈಸೂರು ಯುದ್ಧದಲ್ಲಿ ದಳದ ಸಾಮರ್ಥ್ಯವೂ ಮಿತಿಯೂ ಒಟ್ಟಿಗೇ ಕಾಣಿಸಿಕೊಂಡವು. 1791ರ ಮಾರ್ಚ್ 6ರಂದು, ಬೆಂಗಳೂರಿನ ಬಳಿ, ಕರ್ನಲ್ ಜಾನ್ ಫ್ಲಾಯ್ಡನು ಮೈಸೂರಿನ ಸೈನ್ಯವನ್ನು ಬೆನ್ನಟ್ಟಿ ಮುಂದೆ ಹೋಗಿ ಮುಖಕ್ಕೆ ಗುಂಡು ತಗಲಿ ಗಾಯಗೊಂಡನು. ತುರಗದಳವು ಅನೇಕ ಕುದುರೆಗಳನ್ನು ಕಳೆದುಕೊಂಡು ಹಿಂದೆಗೆಯಿತು. ಆ ತಿಂಗಳ 21ರಂದು ಬೆಂಗಳೂರಿನ ಕೋಟೆ ಬಿದ್ದಿತು. ಆದರೆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋದ ಕಾರ್ನ್‌ವಾಲೀಸನು, ಅರಕೆರೆಯಲ್ಲಿ ಗೆದ್ದಿದ್ದರೂ, ತನ್ನ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಮಳೆ ಹಿಡಿದಿತ್ತು; ಎತ್ತುಗಳು ಸತ್ತಿದ್ದವು; ಮೈಸೂರಿನ ಹಗುರ ಕುದುರೆಪಡೆಯು ದವಸ ಬರುವ ದಾರಿಗಳನ್ನು ಕಡಿದಿತ್ತು. ಕತ್ತಿಯಿಂದ ದೊರೆತ ಜಯವನ್ನು ಮೇವಿನ ಅಭಾವವು ಕಸಿದುಕೊಂಡಿತು.

ಇಲ್ಲಿ ಒಂದು ಅಂಶವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಭಾರತದಲ್ಲಿ ಬ್ರಿಟಿಷ್ ರಾವುತನ ಪ್ರತಿಯೊಂದು ಕುದುರೆಗೂ ಸಾಮಾನ್ಯವಾಗಿ ಒಬ್ಬ ಸಯಿಸನೂ ಒಬ್ಬ ಹುಲ್ಲು ಕೊಯ್ಯುವವನೂ ಇರುತ್ತಿದ್ದರು. ಎಂದರೆ ನಾನೂರು ಕುದುರೆಗಳ ಹಿಂದೆ ಎಂಟುನೂರು ಮಂದಿ ಈ ದೇಶದವರು ನಡೆಯಬೇಕು. ಹುರುಳಿಯನ್ನೂ ಅಕ್ಕಿಯನ್ನೂ ಎತ್ತಿನ ಮೇಲೆ ಹೇರಿ ತರುತ್ತಿದ್ದ ಬಣಜಾರರು ಇವರಿಂದ ಬೇರೆ. ಇವರಲ್ಲಿ ಯಾರೊಬ್ಬರು ತಪ್ಪಿದರೂ ದಳವು ನಾಲ್ಕು ದಿನ ಮುಂದುವರಿಯಲಾರದು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಶಿರೂರಿನ ಸೀಮೆಯನ್ನೊಳಗೊಂಡ ಕೆನರಾ ಪ್ರಾಂತವು ಕಂಪನಿಗೆ ಸೇರಿತು. ಥಾಮಸ್ ಮನ್ರೋ ಅದರ ಕಲೆಕ್ಟರನಾಗಿ ಬಂದು ಕಂದಾಯದ ವ್ಯವಸ್ಥೆಗೆ ತೊಡಗಿದನು. ಆದರೆ ಘಟ್ಟದ ಮೇಲೆ ಶಾಂತಿ ನೆಲೆಸಿರಲಿಲ್ಲ. ಚನ್ನಗಿರಿಯವನೂ, ಟಿಪ್ಪುವಿನ ಸೆರೆಯಲ್ಲಿದ್ದವನೂ ಆದ ಧೋಂಡಿಯಾ ವಾಘನು ಬಿಡುಗಡೆ ಹೊಂದಿ ಬಿದನೂರಿನ ಸೀಮೆಯಲ್ಲಿ ದಂಡು ಕೂಡಿಸಿದನು. ಕಂಪನಿಯವರು ಅವನನ್ನು ಲೂಟಿಕಾರನೆಂದು ಕರೆದರು. ಅವನಾದರೋ ತಾನು ಉಭಯಲೋಕಗಳ ಅಧೀಶ್ವರನೆಂದು ಸಾರಿದನು. ಕೆಲಸವಿಲ್ಲದೆ ಉಳಿದಿದ್ದ ಮೈಸೂರಿನ ಹಳೆಯ ರಾವುತರಲ್ಲಿ ಅನೇಕರು ಅವನನ್ನು ಸೇರಿದರೆಂಬುದು ಆ ಕಾಲದ ಸ್ಥಿತಿಯನ್ನು ತಿಳಿಯಲು ಸಹಾಯಕವಾಗಿದೆ. ಅವನು ಬಿದನೂರಿನಲ್ಲಿ ನೆಲೆಯೂರಿದ್ದರೆ ಅದರ ಕೆಳಗಣ ಕರಾವಳಿಯ ಹೊಸ ಆಡಳಿತವು ಅಲುಗಾಡದೆ ಇರುತ್ತಿರಲಿಲ್ಲ.

ಆರ್ಥರ್ ವೆಲ್ಲೆಸ್ಲಿಯು 1800ರ ಜೂನಿನಲ್ಲಿ ತುಂಗಭದ್ರೆಯನ್ನು ದಾಟಿ, ಜುಲೈ 26ರಂದು ಡಂಬಳವನ್ನು ಹಿಡಿದು, ಮಲಪ್ರಭೆಯ ದಡದವರೆಗೆ ಅವನನ್ನು ಬೆನ್ನಟ್ಟಿದನು. ಸೆಪ್ಟೆಂಬರ್ 10ರಂದು, ಕೃಷ್ಣಾ ತುಂಗಭದ್ರೆಗಳ ನಡುವೆ, ದಾಖಲೆಗಳಲ್ಲಿ ಕೋನಗಲ್ಲು ಎಂದು ಬರುವ ಊರಿನ ಬಳಿ, ತನ್ನ ಕಾಲಾಳುಗಳನ್ನು ಹಿಂದೆ ಬಿಟ್ಟು ಕುದುರೆಗಳೊಡನೆ ಎದುರಾದನು. ಧೋಂಡಿಯನ ಕಡೆ ಸುಮಾರು 5000 ರಾವುತರಿದ್ದರು. ವೆಲ್ಲೆಸ್ಲಿಯು ನಾಲ್ಕು ದಳಗಳನ್ನು ಒಂದೇ ಸಾಲಾಗಿ ನಿಲ್ಲಿಸಿ ಲಗ್ಗೆಯಿಟ್ಟನು. ಧೋಂಡಿಯನು ಹತನಾದನು. ಈ ಜಯದ ಸುದ್ದಿಯನ್ನು ವೆಲ್ಲೆಸ್ಲಿಯು ಮರುದಿನವೇ ಮನ್ರೋವಿಗೆ ಬರೆದು ತಿಳಿಸಿದನು. ಆ ನಾಲ್ಕು ದಳಗಳಲ್ಲಿ ಹತ್ತೊಂಬತ್ತನೆಯದೂ ಇಪ್ಪತ್ತೈದನೆಯದೂ ಬ್ರಿಟಿಷರವು; ಉಳಿದೆರಡು ಮದರಾಸಿನ ದೇಶೀ ತುರಗದಳಗಳು. ಅರ್ಧ ಸಾಲು ನಮ್ಮವರದೇ ಆಗಿತ್ತು.

ಮುಂದೆ 1803ರ ಸೆಪ್ಟೆಂಬರ್ 23ರ ಅಸ್ಸಾಯೆ ಯುದ್ಧದಿಂದ ಹತ್ತೊಂಬತ್ತನೆಯ ದಳಕ್ಕೆ ಆನೆಯ ಲಾಂಛನವು ದೊರೆಯಿತು. 1806ರಲ್ಲಿ ಅದು ಭಾರತವನ್ನು ಬಿಟ್ಟಿತು, 1821ರಲ್ಲಿ ವಿಸರ್ಜಿತವಾಯಿತು. 1857ರ ದಂಗೆಯ ತರುವಾಯ ಬಂಗಾಳದಲ್ಲಿ ಎತ್ತಿದ ಬೇರೊಂದು ಯುರೋಪಿಯನ್ ದಳವು ಹತ್ತೊಂಬತ್ತನೆಯ ಹುಸಾರ್ ಎಂಬ ಹೆಸರು ಪಡೆಯಿತು. 1874ರಲ್ಲಿ ಹಳೆಯ ದಳದ ಅಸ್ಸಾಯೆಯ ಗೌರವವನ್ನು ಇದಕ್ಕೆ ವಹಿಸಲಾಯಿತು. 1922ರಲ್ಲಿ ಇದು ಹದಿನೈದನೆಯ ಹುಸಾರ್ ದಳದೊಡನೆ ಕೂಡಿತು; ಆ ಸಂಯುಕ್ತ ದಳವು 1992ರಲ್ಲಿ ಲೈಟ್ ಡ್ರಾಗೂನ್ಸ್ ಎಂಬ ದಳದಲ್ಲಿ ಲೀನವಾಯಿತು.

ಹೀಗೆ ನಡುವೆ ನಾಲ್ಕು ದಶಕಗಳ ಕಾಲ ದಳವೇ ಇರದಿದ್ದರೂ ಅದರ ಬಿರುದುಗಳು ಮುಂದುವರಿದವು. ಹುರುಳಿ ಹೇರಿದವರ, ಹುಲ್ಲು ಕೊಯ್ದವರ, ಎದುರು ಪಕ್ಷದಲ್ಲಿ ಮಡಿದ ರಾವುತರ ನೆನಪಿಗೆ ಅಂಥ ವಾರಸುದಾರರು ದೊರೆಯಲಿಲ್ಲ. ದಳದ ಚರಿತ್ರೆಯನ್ನು ಅದರ ಧ್ವಜದ ಮೇಲಿನ ಹೆಸರುಗಳಿಂದಷ್ಟೇ ಬರೆದರೆ ಅದು ಅರ್ಧ ಚರಿತ್ರೆ. ಉಳಿದರ್ಧವನ್ನು ದಂಡಿನ ಸಾಮಗ್ರಿಯ ಲೆಕ್ಕಗಳಲ್ಲಿಯೂ ಕಂದಾಯದ ಕಾಗದಗಳಲ್ಲಿಯೂ ಅರಸುವುದು ಕನ್ನಡದ ಸಂಶೋಧಕರ ಪಾಲಿನ ಕೆಲಸವೆಂದು ನಾವು ಭಾವಿಸುತ್ತೇವೆ.